ಪಟ್ಟಿಯಿಂದ ಬಿಟ್ಟುಹೋದ ಹೆಸರುಗಳು

2020ರ ಅಕ್ಟೋಬರ್ 13ರಂದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕಾಕಿನಾಡದ ಹತ್ತಿರ ದಂಡೆ ಹತ್ತಿತು. ತೆಲಂಗಾಣ ದಾಟಿ, ಕಲಬುರಗಿ ಮತ್ತು ವಿಜಯಪುರ ಜಿಲ್ಲೆಗಳ ಮೇಲೆ ಹಾದು ಸೊಲ್ಲಾಪುರದ ಕಡೆ ಹೋಯಿತು. ಭೀಮಾ ನದಿಯ ಉಜನಿ ಜಲಾಶಯ ಆಗಲೇ ತುಂಬಿತ್ತು. ನೀರಾ ನದಿಯ ವೀರ ಅಣೆಕಟ್ಟಿನಿಂದಲೂ ನೀರು ಬಿಟ್ಟರು. ಧೂಳಖೇಡದಿಂದ ಕೆಳಗೆ ಭೀಮಾ ನದಿ ಇಂಡಿ, ಸಿಂದಗಿ ಸೀಮೆಯ ದಂಡೆಯ ಊರುಗಳನ್ನು ಒಂದೊಂದಾಗಿ ಸುತ್ತುಗಟ್ಟುತ್ತ ಹೋಯಿತು. ಸೊನ್ನ ಬ್ಯಾರೇಜಿನಲ್ಲಿ ಹರಿವು 8 ಲಕ್ಷ ಕ್ಯುಸೆಕ್ ಆಸುಪಾಸಿಗೆ ಮುಟ್ಟಿದೆ ಎಂಬ ಸುದ್ದಿ ಬಂದಾಗ ನಮ್ಮ ಊರಿನ ಹಿರಿಯರು ಮಾತು ನಿಲ್ಲಿಸಿ ದನ ಬಿಚ್ಚತೊಡಗಿದರು.

ನಾನು ಇಂಡಿ ತಾಲ್ಲೂಕಿನ ಭೀಮಾ ದಂಡೆಯ ಒಂದು ಹಳ್ಳಿಯವಳು. ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುವ ಕೆಲಸ. ಆ ವರ್ಷ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಮೇಲೆ ಊರಿಗೆ ಬಂದು, ಮಾಳಿಗೆ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅಲ್ಲಿಂದಲೇ ದುಡಿಯುತ್ತಿದ್ದೆ. ನೀರು ಅಂಗಳಕ್ಕೆ ಬಂದ ರಾತ್ರಿ ಅವ್ವ ಕೂಗಿ ಹೇಳಿದ್ದು ಎರಡೇ ಮಾತು. "ಉತಾರ ತಗೋ. ಬ್ಯಾಂಕಿನ ಪುಸ್ತಕಾ ತಗೋ." ಹೊಲದ ಪಹಣಿಯಾದ ಆ ಉತಾರವನ್ನೂ ಪುಸ್ತಕವನ್ನೂ ಲ್ಯಾಪ್‌ಟಾಪನ್ನೂ ಒಂದೇ ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಎತ್ತರದಲ್ಲಿದ್ದ ಶಾಲೆಗೆ ನಡೆದೆವು. ಅಲ್ಲಿಂದ ಇಂಡಿಯಲ್ಲಿದ್ದ ಮಾಮಾನ ಮನೆಗೆ. ನೀರು ಇಳಿದಮೇಲೆ ಹೋಗಿ ನೋಡಿದರೆ ಹೂವಿಗೆ ಬಂದಿದ್ದ ತೊಗರಿ ಕೊಳೆತು ಕಪ್ಪಾಗಿತ್ತು. ಹತ್ತಿ ಮಲಗಿತ್ತು. ಕಬ್ಬಿನ ಸುಳಿಯಲ್ಲಿ ರೊಜ್ಜು ತುಂಬಿತ್ತು. ದಂಡೆಯ ಪಂಪ್‌ಸೆಟ್ಟು, ಪೈಪು ಯಾವುವೂ ಇರಲಿಲ್ಲ. ಕಾಕಾನ ಹೊಲದಲ್ಲಂತೂ ಮೇಲಿನ ಮಣ್ಣೇ ಹೋಗಿ ಗರಸು ಕಾಣುತ್ತಿತ್ತು.

ನಾನು ಬರೆಯಹೊರಟಿರುವುದು ಅದರ ನಂತರ ಬಂದ ಕಷ್ಟದ ಬಗ್ಗೆ. ನೀರು ಇಳಿದಮೇಲೆ ಪಟ್ಟಿಗಳು ಶುರುವಾದವು.

ವಿಜಯಪುರ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹುಡುಗರು ಸೇರಿ ಒಂದು ಗುಂಪು ಕಟ್ಟಿಕೊಂಡಿದ್ದರು. ಇಂಡಿ, ಸಿಂದಗಿಯಲ್ಲಿ ಭೀಮಾ ಹೊಡೆದಿತ್ತು. ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಅದೇ ಮಳೆಗೆ ಡೋಣಿ ನದಿ ಹೊಲಗಳಿಗೆ ನುಗ್ಗಿತ್ತು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಅನ್ನುತ್ತಾರೆ. ಆ ಸಲ ಓಣಿಗೆ ಬಂದದ್ದು ಬರೀ ನೀರು. ಯಾರ ಮನೆ ಬಿತ್ತು, ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಷ್ಟು ಎಕರೆ ಹೋಯಿತು, ಬ್ಯಾಂಕ್ ಖಾತೆ ಯಾವುದು ಎಂದು ಬರೆದು ಸಂಬಂಧಪಟ್ಟವರಿಗೆ ಮುಟ್ಟಿಸುವುದು, ದಾನಿಗಳಿಂದ ಬಂದ ರೇಷನ್ ಕಿಟ್ ಹಂಚುವುದು, ಇವು ಗುಂಪಿನ ಕೆಲಸ. ಆಗಿನ ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಒಣಬೇಸಾಯದ ಬೆಳೆಗೆ ಹೆಕ್ಟೇರಿಗೆ 6,800 ರೂಪಾಯಿ, ಅದೂ ಗರಿಷ್ಠ 2 ಹೆಕ್ಟೇರಿಗೆ. ಒಂದು ಎಕರೆಗೆ ಲೆಕ್ಕ ಹಾಕಿ ನೋಡಿ. ಬೀಜ, ಗೊಬ್ಬರದ ಖರ್ಚೂ ಹುಟ್ಟುವುದಿಲ್ಲ. ಆದರೂ ಅಷ್ಟು ಸಿಗಬೇಕೆಂದರೆ ಮೊದಲು ಹೆಸರು ಪಟ್ಟಿಯಲ್ಲಿ ಇರಬೇಕು, ಹೊಲದ ನಂಬರು ಸರಿಯಿರಬೇಕು, ಖಾತೆಯ ಅಂಕಿ ಒಂದೂ ತಪ್ಪಿರಬಾರದು.

ಪಟ್ಟಿಗಳು ಎಲ್ಲ ರೂಪದಲ್ಲೂ ಬಂದವು. ವಾಟ್ಸ್ಆಪ್ ಸಂದೇಶ, ಎಕ್ಸೆಲ್, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ವರ್ಡ್ ಫೈಲು, ನೋಟುಬುಕ್ಕಿನ ಫೋಟೊ. "ನೀ ಕಂಪ್ಯೂಟರ್ ಕಲ್ತಾಕಿ, ಒಂದು ಮಾಡಿಕೊಡು" ಎಂದು ಎಲ್ಲವನ್ನೂ ನನಗೆ ಕಳಿಸಿದರು. ಕೊಡಬೇಕಾದ ಕೊನೆಯ ದಿನ ಹತ್ತಿರ ಇತ್ತು. ಬೆಂಗಳೂರಿನ ಕೆಲಸವೂ ನಿಂತಿರಲಿಲ್ಲ. ಹಗಲು ಅದು, ರಾತ್ರಿ ಇದು.

ಮೊದಲ ಪೆಟ್ಟು ಕೊಟ್ಟದ್ದು ಹೊಲದ ನಂಬರು. ನಮ್ಮ ಕಡೆ ಹೊಲದ ಗುರುತು ಸರ್ವೆ ನಂಬರು ಮತ್ತು ಹಿಸ್ಸಾ. ಏಳನೇ ನಂಬರಿನ ಮೂರನೇ ಹಿಸ್ಸೆ ಎಂದರೆ 7/3. ಇದನ್ನು ಎಕ್ಸೆಲ್ ಹಾಳೆಯಲ್ಲಿ ಸುಮ್ಮನೆ ಟೈಪ್ ಮಾಡಿ ಎಂಟರ್ ಒತ್ತಿದರೆ ಎಕ್ಸೆಲ್ ಅದನ್ನು ತಾರೀಖು ಎಂದು ತಿಳಿದು 07-ಮಾರ್ಚ್ ಎಂದು ಬದಲಿಸುತ್ತದೆ. ಒಳಗೆ ಅದು ಇಟ್ಟುಕೊಳ್ಳುವುದು 1900ರ ಜನವರಿ 1ರಿಂದ ಎಣಿಸಿದ ದಿನಗಳ ಸಂಖ್ಯೆಯನ್ನು. ಟೈಪ್ ಮಾಡಿದ ಏಳೂ ಇಲ್ಲ, ಮೂರೂ ಇಲ್ಲ. ದೊಡ್ಡ ನಂಬರುಗಳಿಗೆ ಹೀಗಾಗುವುದಿಲ್ಲ. 113/2 ಹಾಗೆಯೇ ಉಳಿಯುತ್ತದೆ. 7/1ಅ ಕೂಡ ಉಳಿಯುತ್ತದೆ. ಹಾಗಾಗಿ ಹಾಳೆಯ ಮೇಲೆ ಕಣ್ಣಾಡಿಸಿದವರಿಗೆ ಎಲ್ಲ ಸರಿ ಇರುವಂತೆಯೇ ಕಾಣುತ್ತದೆ, ನಡುನಡುವೆ ಕೆಲವರ ಹೊಲ ಮಾತ್ರ ಕಾಣೆಯಾಗಿರುತ್ತದೆ. ಕಾಕಾ ತನ್ನ ಹೆಸರಿನ ಮುಂದೆ ಬೆರಳಿಟ್ಟು ಓದಿ ಕೇಳಿದ. "ತಂಗೀ, ನನ್ನ ಹೊಲ ಯಾವಾಗ ತಾರೀಖ ಆತವ್ವಾ?"

ಅದೇ ವರ್ಷ ಆಗಸ್ಟಿನಲ್ಲಿ ಜಗತ್ತಿನ ವಂಶವಾಹಿ ವಿಜ್ಞಾನಿಗಳು ಇದೇ ತೊಂದರೆಗೆ ಸೋತು ದಾರಿ ಬದಲಿಸಿದ್ದರು. ಮನುಷ್ಯನ ಕೆಲವು ಜೀನುಗಳ ಸಂಕ್ಷಿಪ್ತ ಹೆಸರು ಮಾರ್ಚ್1, ಸೆಪ್ಟ್1 ಎಂದಿತ್ತು. ಎಕ್ಸೆಲ್ ಅವನ್ನೂ ತಾರೀಖು ಮಾಡಿ ಸಂಶೋಧನೆಯ ಕೋಷ್ಟಕಗಳನ್ನು ಕೆಡಿಸುತ್ತಿತ್ತು. ಕಡೆಗೆ ಜೀನುಗಳಿಗೆ ಹೆಸರಿಡುವ ಸಮಿತಿ 27 ಜೀನುಗಳ ಹೆಸರನ್ನೇ ಬದಲಿಸಿತು. ವಿಜ್ಞಾನಿಗಳು ಹೆಸರು ಬದಲಿಸಬಹುದು. ನಮ್ಮ ಕಾಕಾನ ಹೊಲದ ನಂಬರು ಬದಲಾಗುವುದಿಲ್ಲ, ಉತಾರದಲ್ಲಿ ಏನಿದೆಯೋ ಅದೇ.

ತಾರೀಖನ್ನು ಮರಳಿ ನಂಬರು ಮಾಡುವ ಸ್ಕ್ರಿಪ್ಟು, ಅಂದರೆ ಚಿಕ್ಕ ಪ್ರೋಗ್ರಾಂ, ಪೈಥಾನ್ ಭಾಷೆಯಲ್ಲಿ ಐದಾರು ಸಾಲು. ಕೋಶದಲ್ಲಿ ಇರುವುದು ಅಕ್ಷರವೋ ತಾರೀಖೋ ನೋಡು. ತಾರೀಖಾದರೆ ಅದರ ದಿನವನ್ನು ತೆಗೆ, ತಿಂಗಳನ್ನು ತೆಗೆ, ನಡುವೆ ಓರೆಗೆರೆ ಹಾಕು. ಬರೆಯುವುದು ಸುಲಭ. ಆದರೆ ಕೆಲವು ಫೈಲುಗಳು ಬಂದದ್ದು ಅಮೆರಿಕದ ತಾರೀಖು ಕ್ರಮಕ್ಕೆ ಹೊಂದಿಸಿದ ಕಂಪ್ಯೂಟರುಗಳಿಂದ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಅಂಥ ಕಂಪ್ಯೂಟರಿನಲ್ಲಿ 7/3 ಎಂದು ಬರೆದರೆ ಜುಲೈ 3 ಆಗುತ್ತದೆ. ಅದನ್ನು ನಮ್ಮ ಕ್ರಮದಲ್ಲಿ ಬಿಚ್ಚಿದರೆ 3/7 ಬರುತ್ತದೆ, ಅಂದರೆ ಇನ್ನೊಬ್ಬರ ಹೊಲ. ಪರಿಹಾರ ಪಕ್ಕದವರ ಹೆಸರಿಗೆ ಹೋಗಿ ಊರಲ್ಲಿ ಜಗಳ ಹುಟ್ಟಲು ಇಷ್ಟು ಸಾಕು. ಆದ್ದರಿಂದ ಪ್ರತಿ ಫೈಲು ಯಾವ ಅಂಗಡಿಯ, ಯಾರ ಕಂಪ್ಯೂಟರಿನಿಂದ ಬಂದದ್ದು ಎಂದು ಫೋನು ಮಾಡಿ ಕೇಳಿ, ಎರಡು ಬೇರೆ ಫೋಲ್ಡರಿಗೆ ಹಾಕಿ, ಬಂದ ಉತ್ತರವನ್ನು ಉತಾರದ ಪ್ರತಿಯೊಂದಿಗೆ ತಾಳೆ ನೋಡಬೇಕಾಯಿತು. ಉತಾರ ನೀರಿಗೆ ಹೋದವರಿಗೆ ಹುಡುಗರು ಹೊಸ ಪ್ರತಿ ತೆಗೆಸಿ ತಂದರು. ಭೂಮಿ ಯೋಜನೆಯಲ್ಲಿ ಪಹಣಿಗಳು ಗಣಕಕ್ಕೆ ಬಂದಿದ್ದರಿಂದ ಅದು ಸಾಧ್ಯವಾಯಿತು. ಹಳೆಯ ಕಾಲದಂತೆ ತಲಾಟಿಯ ದಫ್ತರದಲ್ಲಿ ಮಾತ್ರ ಇದ್ದಿದ್ದರೆ ಏನಾಗುತ್ತಿತ್ತೋ ಎಂದು ಯೋಚಿಸಿದರೆ ಈಗಲೂ ಹೊಟ್ಟೆಯಲ್ಲಿ ಕಲಸುತ್ತದೆ.

ಬ್ಯಾಂಕ್ ಖಾತೆಯದು ಇನ್ನೊಂದು ಗೋಳು. ಎಕ್ಸೆಲ್ ಸಂಖ್ಯೆಯೊಂದರಲ್ಲಿ 15 ಅಂಕಿಗಳನ್ನು ಮಾತ್ರ ಸರಿಯಾಗಿ ಹಿಡಿದುಕೊಳ್ಳುತ್ತದೆ. ಖಾತೆ ಸಂಖ್ಯೆ ಅದಕ್ಕಿಂತ ಉದ್ದವಿದ್ದರೆ 16ನೆಯ ಅಂಕಿಯಿಂದ ಮುಂದೆ ಎಲ್ಲ ಸೊನ್ನೆ. ಮುಂದೆ ಸೊನ್ನೆ ಇರುವ ಖಾತೆಗಳ ಸೊನ್ನೆ ಉದುರಿಹೋಗುತ್ತದೆ. ಕಳೆದ ಅಂಕಿಯನ್ನು ಯಾವ ಸ್ಕ್ರಿಪ್ಟೂ ಹುಟ್ಟಿಸಲಾರದು. ಪಾಸ್‌ಬುಕ್ ಮತ್ತೆ ಕೇಳಬೇಕು, ಅಷ್ಟೆ. ಸ್ಕ್ರಿಪ್ಟು ಮಾಡಬಹುದಾದದ್ದು ಯಾರನ್ನು ಮತ್ತೆ ಕೇಳಬೇಕೆಂದು ತೋರಿಸುವುದು. ಐಎಫ್‌ಎಸ್‌ಸಿ ಸಂಕೇತದಲ್ಲಿ ಒಟ್ಟು 11 ಚಿಹ್ನೆ. ಮೊದಲ ನಾಲ್ಕು ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ನಮ್ಮ ಹುಡುಗರು ಬಹಳ ಕಡೆ ಆ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಅಕ್ಷರ ಹಾಕಿದ್ದರು. ಮಾದರಿ ಹುಡುಕುವ ಒಂದು ಸಾಲಿನ ರೆಗ್ಯುಲರ್ ಎಕ್ಸ್‌ಪ್ರೆಶನ್ ಅವನ್ನೆಲ್ಲ ಹೆಕ್ಕಿ ಕೊಟ್ಟಿತು.

ಆಧಾರ್ ಸಂಖ್ಯೆಗೆ ಇದಕ್ಕಿಂತ ಗಟ್ಟಿಯಾದ ಪರೀಕ್ಷೆ ಇದೆ. ಅದರ 12 ಅಂಕಿಗಳಲ್ಲಿ ಕೊನೆಯದು ತಾಳೆಯ ಅಂಕಿ. ಡಚ್ ಗಣಿತಜ್ಞ ಯಾಕೋಬಸ್ ವರ್ಹೂಫ್ 1969ರಲ್ಲಿ ಕೊಟ್ಟ ಸೂತ್ರದಿಂದ ಅದು ಬರುತ್ತದೆ. ಯಾವುದೇ ಒಂದು ಅಂಕಿ ತಪ್ಪಿದರೂ, ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಸೂತ್ರ ಹಿಡಿಯುತ್ತದೆ. ಮೂರು ಚಿಕ್ಕ ಕೋಷ್ಟಕ, ಒಂದು ಲೂಪು, ಮುಗಿಯಿತು. ಕತ್ತಲಲ್ಲಿ, ಮಳೆಯ ಸದ್ದಿನಲ್ಲಿ, ಫೋನಿನಲ್ಲಿ ಓದಿ ಹೇಳಿ ಬರೆಸಿದ ಸಂಖ್ಯೆಗಳು ಅವು. ಎಷ್ಟೋ ತಪ್ಪಿದ್ದವು. ಅಂಥವರ ಮನೆಗೆ ಹುಡುಗರನ್ನು ಅದೇ ದಿನ ಕಳಿಸಿದೆವು. ತಾಳೆ ಮುಗಿದ ಕೂಡಲೇ ಇನ್ನೊಂದು ತುಣುಕು ಕೋಡು ಮೊದಲ ಎಂಟು ಅಂಕಿ ಮುಚ್ಚಿ ಕೊನೆಯ ನಾಲ್ಕು ಮಾತ್ರ ಬಿಡುತ್ತಿತ್ತು. ಜನರ ಆಧಾರ್ ಸಂಖ್ಯೆಗಳು ವಾಟ್ಸ್ಆಪ್ ಗುಂಪಿನಿಂದ ಗುಂಪಿಗೆ ಹಾರುವುದನ್ನು ನೋಡಿ ನನಗೆ ನೀರು ಮನೆಗೆ ನುಗ್ಗಿದಾಗಿನಷ್ಟೇ ಭಯವಾಗಿತ್ತು.

ಮುದ್ದೇಬಿಹಾಳದ ಪಟ್ಟಿ ಬಂದದ್ದು ನುಡಿಯಲ್ಲಿ. ಟೈಪ್ ಮಾಡಿಸಿದ ಡಿಟಿಪಿ ಅಂಗಡಿಯ ಅಣ್ಣನಿಗೆ ಫೋನು ಮಾಡಿದೆ. "ಅಕ್ಕಾರ, ನಮ್ಮ ಹತ್ರ ಎಲ್ಲಾ ನುಡಿಯೊಳಗ ಅದ ನೋಡ್ರಿ. ಮದುವಿ ಕಾರ್ಡ್ ಅದರಾಗ, ಜಾತ್ರಿ ಹ್ಯಾಂಡ್‌ಬಿಲ್ ಅದರಾಗ, ಇದೂ ಅದರಾಗ" ಎಂದ. ಅವನು ಹೇಳಿದ್ದು ಇಡೀ ಉತ್ತರ ಕರ್ನಾಟಕದ ಸ್ಥಿತಿ. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರು 1998ರಲ್ಲಿ ತಂದ ಬರಹ, ಇವೆರಡೂ ಇಲ್ಲದಿದ್ದರೆ ಆ ಕಾಲದಲ್ಲಿ ತಾಲ್ಲೂಕು ಊರುಗಳಲ್ಲಿ ಕನ್ನಡ ಟೈಪಿಂಗ್ ನಡೆಯುವುದು ಕಷ್ಟವಿತ್ತು. ಆ ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ ಫಾಂಟುಗಳಲ್ಲಿ ಬರೆದದ್ದು ತೆರೆಯ ಮೇಲೆ ಮಾತ್ರ ಕನ್ನಡ. ಒಳಗೆ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು. ‘ಇಂಡಿ’ ಎಂದು ಬರೆದರೆ ಕಂಪ್ಯೂಟರ್ ಇಟ್ಟುಕೊಳ್ಳುವುದು ದೊಡ್ಡ ಇ, ದೊಡ್ಡ ಎ, ಸಣ್ಣ ಆರ್ ಎಂಬ ಮೂರು ಇಂಗ್ಲಿಷ್ ಅಕ್ಷರ. ‘ಕನ್ನಡ’ ಎಂಬುದರ ನಡುವೆ ಬ್ರಿಟನ್ನಿನ ಪೌಂಡ್ ಚಿಹ್ನೆ ಕೂತಿರುತ್ತದೆ. ಹುಡುಕಲಾಗದು, ಜೋಡಿಸಲಾಗದು, ಇನ್ನೊಂದು ಪಟ್ಟಿಯೊಂದಿಗೆ ತಾಳೆ ಹಾಕಲಾಗದು.

ಇದನ್ನು ಯೂನಿಕೋಡಿಗೆ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಸಂಖ್ಯೆ ಇರುವ ವ್ಯವಸ್ಥೆಗೆ, ತರಲು ಅರವಿಂದ ವಿ.ಕೆ. ಅವರು ಬರೆದು ಮುಕ್ತವಾಗಿ ಹಂಚಿದ ಪರಿವರ್ತಕವಿದೆ. ಅದರ ಪೈಥಾನ್ ರೂಪ ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲೇ ಇದ್ದದ್ದು ಪುಣ್ಯ, ಏಕೆಂದರೆ ಆಗ ನೆಟ್‌ವರ್ಕು ಬರುತ್ತಿದ್ದದ್ದು ಮಾಮಾನ ಮನೆಯ ಮೇಲ್ಛಾವಣಿಯ ಒಂದು ಮೂಲೆಯಲ್ಲಿ ಮಾತ್ರ. ಆ ಪರಿವರ್ತಕದ ಒಳಗನ್ನು ಓದಿದಾಗ ಈ ಕೆಲಸ ಎಷ್ಟು ಸೂಕ್ಷ್ಮ ಎಂದು ತಿಳಿಯಿತು. ಸುಮ್ಮನೆ ಒಂದು ಅಕ್ಷರದ ಬದಲು ಇನ್ನೊಂದು ಇಟ್ಟರೆ ಆಗುವುದಿಲ್ಲ. ನುಡಿಯ ಹಳೆಯ ಫಾಂಟಿನಲ್ಲಿ ‘ಮ’ ಎಂಬುದಕ್ಕೆ ಪ್ರತ್ಯೇಕ ಚಿಹ್ನೆ ಇಲ್ಲ. ‘ವ’ದ ಚಿಹ್ನೆಗೆ ಕೊಂಬು ಸೇರಿಸಿ ‘ಮ’ ಮಾಡಿದ್ದಾರೆ. ಅವಸರದ ಸ್ಕ್ರಿಪ್ಟು ಮೊದಲು ‘ವ’ವನ್ನು ಬದಲಿಸಿಬಿಟ್ಟರೆ ‘ಮನೆ’ ಹೋಗಿ ‘ವುನೆ’ ಆಗುತ್ತದೆ. ಅದಕ್ಕೇ ನಿಯಮ: ಉದ್ದದ ಜೋಡಿಯನ್ನು ಮೊದಲು ಬದಲಿಸು, ಚಿಕ್ಕದನ್ನು ಆಮೇಲೆ. ಪೈಥಾನಿನಲ್ಲಿ ನಕ್ಷೆಯ ಕೀಲಿಗಳನ್ನು ಉದ್ದದ ಇಳಿಕೆಯ ಕ್ರಮದಲ್ಲಿ ಜೋಡಿಸುವ ಒಂದೇ ಸಾಲು ಇದಕ್ಕೆ ಸಾಕು.

ಮುದ್ದೇಬಿಹಾಳ ಎಂಬ ಹೆಸರೇ ಇಡೀ ಪರೀಕ್ಷೆ. ಮೊದಲ ಅಕ್ಷರದಲ್ಲೇ ‘ಮ’ದ ಗಂಟು. ಎರಡನೆಯದರಲ್ಲಿ ನುಡಿ ಇಟ್ಟುಕೊಳ್ಳುವ ಕ್ರಮ ‘ದೆ’, ಆಮೇಲೆ ಕೆಳಗಿನ ದ ಒತ್ತು, ಆಮೇಲೆ ದೀರ್ಘ. ಯೂನಿಕೋಡಿನ ಕ್ರಮ ಬೇರೆ. ಅಲ್ಲಿ ‘ದ’, ವಿರಾಮ, ಇನ್ನೊಂದು ‘ದ’, ಕೊನೆಗೆ ‘ಏ’ಕಾರ. ಒತ್ತನ್ನು ಸ್ವರಕ್ಕಿಂತ ಮೊದಲು ಬರುವಂತೆ ಸರಿಸಬೇಕು. ಕರ್ನಾಟಕ, ಮಲ್ಲಿಕಾರ್ಜುನ ಎಂಬಲ್ಲಿನ ಅರ್ಕಾವತ್ತನ್ನು ನುಡಿ ಅಕ್ಷರದ ಆಮೇಲೆ ಇಡುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ನಮ್ಮ ಸೀಮೆಯಲ್ಲಿ ಮಲ್ಲಿಕಾರ್ಜುನ ಇಲ್ಲದ ಓಣಿ ಉಂಟೇ? ಪರಿವರ್ತಕ ಇವನ್ನೆಲ್ಲ ಸರಿಯಾಗಿ ಮಾಡಿತು. ಆದರೆ ಪಟ್ಟಿಯ ನಡುನಡುವೆ ಟೈಪ್ ಮಾಡಿದ್ದ ನಿಜವಾದ ಇಂಗ್ಲಿಷ್ ಪದಗಳನ್ನೂ, ಬ್ಯಾಂಕಿನ ಸಂಕೇತಗಳನ್ನೂ ಕನ್ನಡ ಎಂದೇ ತಿಳಿದು ಬದಲಿಸುತ್ತಿತ್ತು. ಅದಕ್ಕಾಗಿ ವರ್ಡ್ ಫೈಲಿನೊಳಗೆ ಯಾವ ತುಣುಕು ನುಡಿ ಫಾಂಟಿನಲ್ಲಿದೆ ಎಂದು ನೋಡಿ, ಅದನ್ನು ಮಾತ್ರ ಪರಿವರ್ತಕಕ್ಕೆ ಕಳಿಸುವ ಇನ್ನೊಂದು ಸ್ಕ್ರಿಪ್ಟು ಬರೆದೆ. ಈಗಲೂ ನಾನು ಹೆಚ್ಚು ಬಳಸುವ ತುಣುಕು ಅದು.

ಯೂನಿಕೋಡಿಗೆ ಬಂದಮೇಲೂ ನೆಮ್ಮದಿ ಸಿಗಲಿಲ್ಲ. ಊರುವಾರು ಎಣಿಸಿದರೆ ಮೊತ್ತ ಕೂಡುತ್ತಿರಲಿಲ್ಲ. ಇಂಡಿ ಎಂದು ಹುಡುಕಿದರೆ ಕೆಲವು ಮನೆತನ ಬರುತ್ತಿರಲಿಲ್ಲ. ಕಣ್ಣಿಗೆ ಎಲ್ಲ ಕಡೆ ಇಂಡಿ ಎಂದೇ ಕಾಣುತ್ತಿತ್ತು. ಅಕ್ಷರ ಅಕ್ಷರದ ಸಂಕೇತ ಸಂಖ್ಯೆಯನ್ನು ಮುದ್ರಿಸುವ ಎರಡು ಸಾಲಿನ ತುಣುಕು ಓಡಿಸಿದೆ. ಆಗ ಗೊತ್ತಾಯಿತು. ಫೋನಿನಲ್ಲಿ ಬೆರಳಿಗೆ ಸಿಕ್ಕಂತೆ ಟೈಪ್ ಮಾಡಿದವರು ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ ಹಾಕಿದ್ದರು. ‘ಇಂಡಿ’ ಮತ್ತು ‘ಇ೦ಡಿ’. ನೋಡಲು ಒಂದೇ. ಕಂಪ್ಯೂಟರಿಗೆ ಎರಡೂ ಬೇರೆ ಊರು. ಸಿಂದಗಿಗೂ ಅದೇ ಆಗಿತ್ತು. ಬರೀ ಒಂದು ಸೊನ್ನೆಯಿಂದ ದಂಡೆಯ ಊರುಗಳ ಮನೆತನಗಳು ಕಿಟ್ ಹಂಚುವ ಪಟ್ಟಿಯ ಹೊರಗೆ ಉಳಿದಿದ್ದವು, ಮತ್ತು ಆ ಜನ ಆ ಹೊತ್ತಿಗೆ ಶಾಲೆಯ ವರಾಂಡದಲ್ಲಿ ಮಲಗುತ್ತಿದ್ದರು. ಅಕ್ಷರದ ಪಕ್ಕ ಸೊನ್ನೆ ಅಂಕಿ ಬಂದರೆ ಅದನ್ನು ಅನುಸ್ವಾರ ಮಾಡು, ಅಂಕಿಯ ಪಕ್ಕ ಇದ್ದರೆ ಮುಟ್ಟಬೇಡ. ಇಷ್ಟು ಹೇಳುವ ಒಂದು ಸಾಲು ಅವರನ್ನು ಒಳಗೆ ತಂದಿತು.

ಅದೇ ಫಂಕ್ಷನ್ನಿಗೆ ಇನ್ನೆರಡು ಸಾಲು ಸೇರಿಸಿದೆ. ಒಂದು, ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳನ್ನು ಹುಡುಕುವ ಪ್ರತಿಯಿಂದ ತೆಗೆಯುವುದು. ಇನ್ನೊಂದು ಯೂನಿಕೋಡ್ ಸಾಮಾನ್ಯೀಕರಣ. ‘ದ್ದೇ’ಯ ಏಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಪೈಥಾನಿನ ಜೊತೆಗೇ ಬರುವ ಯೂನಿಕೋಡ್ ಡೇಟಾ ಎಂಬ ಭಾಗ ಎರಡನ್ನೂ ಒಂದು ಮಾಡುತ್ತದೆ. ಕನ್ನಡದ ಯಾವುದೇ ಎರಡು ಹೆಸರನ್ನು ಹೋಲಿಸುವ ಮೊದಲು ಈ ಫಂಕ್ಷನ್ ಓಡಿಸದೆ ಇರುವುದು ನನ್ನ ದೃಷ್ಟಿಯಲ್ಲಿ ಜನರಿಗೆ ಮಾಡುವ ಅನ್ಯಾಯ.

ಬಸವನ ಬಾಗೇವಾಡಿಯ ಪಟ್ಟಿಯಲ್ಲಿ ಊರ ಹೆಸರುಗಳೇ ತೊಡಕು. ಹುಣಶ್ಯಾಳ ಪಿ.ಬಿ. ಒಂದು ಊರು, ಹುಣಶ್ಯಾಳ ಪಿ.ಸಿ. ಇನ್ನೊಂದು. ಇಂಡಿ ಕಡೆ ನಿಂಬಾಳ ಬಿ.ಕೆ., ನಿಂಬಾಳ ಕೆ.ಡಿ. ಇದ್ದಹಾಗೆ. ಒಬ್ಬರು ಚುಕ್ಕಿ ಹಾಕುತ್ತಾರೆ, ಒಬ್ಬರು ಜಾಗ ಬಿಡುತ್ತಾರೆ, ಒಬ್ಬರು ಬರೀ ಹುಣಶ್ಯಾಳ ಎಂದು ಬರೆದು ಬಿಡುತ್ತಾರೆ. ಚುಕ್ಕಿ, ಜಾಗ ತೆಗೆಯುವ ಸಾಲು ಮೊದಲ ಎರಡಕ್ಕೆ ಆಗುತ್ತದೆ. ಮೂರನೆಯದಕ್ಕೆ ಫೋನೇ ಗತಿ. ಇದರ ಮೇಲೆ ಹೊಸ ತಾಲ್ಲೂಕುಗಳು. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರಹಿಪ್ಪರಗಿ, ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ, ಕೊಲ್ಹಾರ ಬೇರೆಯಾಗಿದ್ದವು. ಜನ ಮಾತ್ರ ರೂಢಿಯಂತೆ ಹಳೆಯ ತಾಲ್ಲೂಕನ್ನೇ ಹೇಳುತ್ತಿದ್ದರು. ಹಳೆಯದಕ್ಕೂ ಹೊಸದಕ್ಕೂ ಜೋಡಿ ಹಾಕಿದ ಒಂದು ಚಿಕ್ಕ ನಕ್ಷೆ ಫೈಲು ಮಾಡಿದೆ. ಆಮೇಲೆ ಅದನ್ನು ಕೇಳಿ ತೆಗೆದುಕೊಂಡವರು ಬಹಳ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ಬಾಗೇವಾಡಿ ಸೀಮೆಯ ಒಬ್ಬ ಮುದುಕಿಯ ಫೋನು. ಪಟ್ಟಿ ನನ್ನ ಕೈಗೆ ಬರುವ ಮೊದಲೇ ಎಲ್ಲೋ ಒಂದು ಕಡೆ ಯಾರೋ ಎಕ್ಸೆಲ್ಲಿನ ನಕಲು ಸಾಲುಗಳನ್ನು ಅಳಿಸುವ ಗುಂಡಿ ಒತ್ತಿದ್ದರು. ಊರು ಒಂದೇ, ಹೆಸರು ಒಂದೇ, ಅಡ್ಡಹೆಸರು ಬಿರಾದಾರ. ಹಾಗಾಗಿ ಎರಡು ಸಾಲಿನಲ್ಲಿ ಒಂದು ಹೋಗಿತ್ತು. "ಯವ್ವಾ, ಆಕಿ ಬ್ಯಾರೆ, ನಾ ಬ್ಯಾರೆ. ಆಕಿಗಿ ಮಕ್ಕಳದಾರ. ನನಗ್ಯಾರೂ ಇಲ್ಲ. ನನ್ನ ಹೆಸರ ಯಾಕ ಅಳಿಸಿದ್ರಿ?" ಎಂದಳು. ನಮ್ಮ ಊರುಗಳಲ್ಲಿ ಬಿರಾದಾರ, ಪಾಟೀಲ, ಹಿರೇಮಠ, ಮಾದರ ಎಂಬ ಅಡ್ಡಹೆಸರಿನವರು ಓಣಿಗೆ ಹತ್ತು ಮನೆ ಸಿಗುತ್ತಾರೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ಪದ್ಧತಿ. ಹೆಸರು ಒಂದೇ ಆಗಿರುವುದು ಇಲ್ಲಿ ಸಹಜ, ಅದನ್ನು ನಕಲು ಎನ್ನುವುದು ಊರು ಗೊತ್ತಿಲ್ಲದವರ ಮಾತು. ಆ ಪಟ್ಟಿಯ ಮೂಲ ಹಾಳೆಗಳ ಫೋಟೊ ತರಿಸಿ ಸಾಲು ಸಾಲು ಮತ್ತೆ ಟೈಪ್ ಮಾಡಿಸಿದೆವು. ನಾನು ಬರೆದ ಸ್ಕ್ರಿಪ್ಟು ಯಾವ ಸಾಲನ್ನೂ ತಾನಾಗಿ ತೆಗೆಯುವಂತಿರಲಿಲ್ಲ. ಹೆಸರು, ತಂದೆ ಅಥವಾ ಗಂಡನ ಹೆಸರು, ಹೊಲದ ನಂಬರು, ಆಧಾರಿನ ಕೊನೆಯ ನಾಲ್ಕು ಅಂಕಿ ಎಲ್ಲವೂ ಒಂದೇ ಆದರೆ ಮಾತ್ರ ಪಕ್ಕದಲ್ಲಿ ಗುರುತು ಹಾಕು, ತೀರ್ಮಾನ ಊರಿನ ಹುಡುಗ ಮಾಡಲಿ. ಮತ್ತು ಪ್ರತಿ ಹಂತದ ಕೊನೆಯಲ್ಲಿ ಒಂದು ಸಾಲು: ಒಳಗೆ ಎಷ್ಟು ಜನ ಬಂದರೋ ಅಷ್ಟೇ ಜನ ಹೊರಗೆ ಹೋಗಬೇಕು, ಒಬ್ಬರು ಕಡಿಮೆಯಾದರೂ ಅಲ್ಲೇ ನಿಲ್ಲು. ನನ್ನ ಕೆಲಸದ ಜೀವನದಲ್ಲಿ ನಾನು ಬರೆದ ಅತ್ಯಂತ ಮುಖ್ಯ ಸಾಲು ಅದೇ ಎಂದು ನಂಬಿದ್ದೇನೆ.

ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ಕೂತು ಮನೆಮನೆಯ ಓಲೆಗರಿಗಳಿಂದ ವಚನ ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರ ಸಾರ ತಂದರು. ಬಸವಣ್ಣ ಹುಟ್ಟಿದ ಬಾಗೇವಾಡಿಯ ಪಟ್ಟಿ ಸರಿಪಡಿಸುವಾಗ ಅವರ ನೆನಪು ಬಂತು. ಇಂದು ಅದೇ ವಚನಗಳನ್ನು ವಚನ ಸಂಚಯ ಎಂಬ ಜಾಲತಾಣದಲ್ಲಿ ಪದ ಹಾಕಿ ಹುಡುಕಲು ಸಾಧ್ಯವಾಗಿರುವುದು ಅವು ಯೂನಿಕೋಡಿನಲ್ಲಿ ಇರುವುದರಿಂದ. ವಚನಕ್ಕೆ ಆ ಸೌಲಭ್ಯ ಸಿಕ್ಕಿದೆ. ರೈ‌ತನ ಹೆಸರಿಗೂ ಸಿಗಬೇಕಲ್ಲವೇ?

ಕರೆಂಟಿನ ಮಾತು ಹೇಳದೆ ಈ ಕಥೆ ಪೂರ್ತಿಯಾಗದು. ಕಂಬಗಳು ಬಿದ್ದಿದ್ದವು, ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಲ್ಯಾಪ್‌ಟಾಪ್ ಬ್ಯಾಟರಿ ಸತ್ತ ರಾತ್ರಿಗಳಲ್ಲಿ ಫೋನಿನಲ್ಲೇ ಕೆಲಸ ಮಾಡಿದೆ. ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ ಆಪ್ ಹಾಕಿಕೊಂಡರೆ ಲಿನಕ್ಸಿನ ಟರ್ಮಿನಲ್ ಸಿಗುತ್ತದೆ, ಪೈಥಾನೂ ಓಡುತ್ತದೆ. ಫೋನಿಗೆ ಚಾರ್ಜು ಮಾಮಾನ ಟ್ರ್ಯಾಕ್ಟರಿನ ಬ್ಯಾಟರಿಯಿಂದ. ಸಣ್ಣ ತೆರೆಯ ಮೇಲೆ ಹೆಬ್ಬೆರಳಿನಿಂದ ಕೋಡು ಬರೆದು ಕೈಬೆರಳುಗಳಿಗೆ ಬಾವು ಬಂತು. ಸೊಳ್ಳೆ, ರೊಜ್ಜಿನ ವಾಸನೆ, ಕೊರೊನಾದ ಹೆದರಿಕೆ, ಪಕ್ಕದ ಕೋಣೆಯಲ್ಲಿ ನಿದ್ದೆಯಿಲ್ಲದೆ ಹೊರಳುವ ಅಪ್ಪ. ಪ್ರತಿ ಚಿಕ್ಕ ಬದಲಾವಣೆಗೂ ಗಿಟ್‌ನಲ್ಲಿ ಕಮಿಟ್ ಮಾಡಿ ಉಳಿಸಿಡುತ್ತಿದ್ದೆ, ಏಕೆಂದರೆ ಯಾವ ಕ್ಷಣ ಏನು ಆರುತ್ತದೋ ಹೇಳಲಾಗುತ್ತಿರಲಿಲ್ಲ. ದೊಡ್ಡ ಫೈಲುಗಳನ್ನು ಕಳಿಸಲು ಬಳಸಿದ ಸಾಧನ ಆರ್‌ಸಿಂಕ್. ಅರ್ಧಕ್ಕೆ ಸಿಗ್ನಲ್ ಹೋದರೆ ಕಳಿಸಿದ ಭಾಗವನ್ನು ಉಳಿಸಿಕೊಂಡು ಮುಂದುವರಿಸುವ ಆಯ್ಕೆ ಅದರಲ್ಲಿದೆ. ಸಿಗ್ನಲ್ ಬರುವವರೆಗೆ ಮತ್ತೆ ಮತ್ತೆ ಪ್ರಯತ್ನಿಸು, ನಡುವೆ ಅರ್ಧ ನಿಮಿಷ ಸುಮ್ಮನಿರು ಎನ್ನುವ ಮೂರು ಸಾಲಿನ ಶೆಲ್ ಲೂಪನ್ನು ಅದಕ್ಕೆ ಸುತ್ತಿ, ಫೋನನ್ನು ಮೇಲ್ಛಾವಣಿಯ ಆ ಮೂಲೆಯಲ್ಲಿ ಬುಟ್ಟಿ ಮುಚ್ಚಿ ಇಟ್ಟು ಬರುತ್ತಿದ್ದೆ. ಬೆಳಗಿನ ಹೊತ್ತಿಗೆ ಫೈಲು ಹೋಗಿರುತ್ತಿತ್ತು. ಆಮೇಲೆ ಒಂದು ದಿನ ಬೇರೆಯವರು ನಾನು ಕಳಿಸಿದ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಕನ್ನಡ ಬರೀ ಗೊಂದಲದ ಗುರುತುಗಳಾಗಿ ಕಂಡು ಗಾಬರಿಯಾದರು. ಉಳಿಸುವಾಗ ಯುಟಿಎಫ್-8ರ ಬಿಓಎಂ ಗುರುತನ್ನು ಮೊದಲಿಗೆ ಇಟ್ಟು ಮತ್ತೆ ಕಳಿಸಿದೆ, ಸರಿಹೋಯಿತು.

ಕೊನೆಯ ದಿನದೊಳಗೆ ಪಟ್ಟಿ ಹೋಯಿತು. ಕಾಕಾನ ಹೊಲ 7/3 ಆಗಿಯೇ ಹೋಯಿತು. ಆ ಮುದುಕಿಯ ಹೆಸರೂ ಹೋಯಿತು. ಆಮೇಲೆ ಕೆಲವರ ಖಾತೆಗೆ ಹಣ ಬಂತು, ಕೆಲವರಿಗೆ ಬಹಳ ತಡವಾಗಿ ಬಂತು, ಕೆಲವರಿಗೆ ಬರಲೇ ಇಲ್ಲ. ಬರದಿದ್ದಕ್ಕೆ ಕಾರಣಗಳು ಬೇರೆ ಬೇರೆ, ಅವೆಲ್ಲ ನನ್ನ ಕೈಯಲ್ಲಿರಲಿಲ್ಲ. ಹೊಲದ ನಂಬರು ತಾರೀಖಾಗಿತ್ತು, ಊರಿನ ಹೆಸರಲ್ಲಿ ಸೊನ್ನೆ ಇತ್ತು ಎಂಬ ಕಾರಣಕ್ಕೆ ಮಾತ್ರ ನಮ್ಮ ಪಟ್ಟಿಯಿಂದ ಯಾರೂ ಹೊರಗೆ ಉಳಿಯಲಿಲ್ಲ.

ಆ ತುಣುಕುಗಳನ್ನೆಲ್ಲ ಒಂದು ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಪ್ರತಿಯೊಂದರ ತಲೆಯ ಮೇಲೆ ಕನ್ನಡದಲ್ಲಿ ಟಿಪ್ಪಣಿ ಇದೆ: ಇದು ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಓಡಿಸುವ ಮೊದಲು ಏನು ನೋಡಬೇಕು. ನಮ್ಮ ಸೀಮೆಯ ಡಿಪ್ಲೊಮಾ, ಎಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಕೇಳಿದಾಗಲೆಲ್ಲ ಪೆನ್‌ಡ್ರೈವಿನಲ್ಲಿ ಹಾಕಿ ಕೊಡುತ್ತೇನೆ. ಜನರ ಸಂಖ್ಯೆಗಳಿದ್ದ ಫೈಲುಗಳನ್ನು ಕೆಲಸ ಮುಗಿದ ಮೇಲೆ ಅಳಿಸಿದ್ದೇನೆ.

ಪಟ್ಟಿ ಮಾಡುವ ಎಲ್ಲರಲ್ಲೂ, ಪಂಚಾಯಿತಿಯಲ್ಲಿ, ಸಂಘದಲ್ಲಿ, ಶಾಲೆಯಲ್ಲಿ, ಡಿಟಿಪಿ ಅಂಗಡಿಯಲ್ಲಿ ಕೂತವರಲ್ಲಿ ನನ್ನ ಕೇಳಿಕೆ ಇಷ್ಟು. ಹೊಲದ ನಂಬರು, ಖಾತೆ, ಆಧಾರ್ ಬರೆಯುವ ಕಾಲಂಗಳನ್ನು ಟೈಪ್ ಮಾಡಲು ಶುರುಮಾಡುವ ಮೊದಲೇ ಟೆಕ್ಸ್ಟ್ ಎಂದು ಹೊಂದಿಸಿರಿ. ಕನ್ನಡವನ್ನು ಯೂನಿಕೋಡಿನಲ್ಲೇ ಬರೆಯಿರಿ, ಈಗಿನ ನುಡಿಯಲ್ಲೂ ಅದಕ್ಕೆ ಆಯ್ಕೆ ಇದೆ. ಹೆಸರು ಒಂದೇ ಎಂದು ಯಾರನ್ನೂ ಅಳಿಸಬೇಡಿರಿ. ಮೂಲ ಹಾಳೆಯನ್ನು ಹಣ ಎಲ್ಲರಿಗೂ ಮುಟ್ಟುವವರೆಗೆ ಎಸೆಯಬೇಡಿರಿ.